ಗದ್ದಕ್ಕೆ ಒಂದು ಬೆರಳು

ಕೂಸು ಮುಲುಕುತ್ತಿತ್ತು. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ವತ್ಸಲಾಬಾಯಿ ಆ ಸದ್ದು ಕೇಳಿ, ಮೊಮ್ಮಗು ಅಳುತ್ತಿದೆಯೆಂದು ತಿಳಿದು ಕೈ ಮುಗಿದರು.

ಮಗಳು ವರದಾಗೆ ಏಳು ತಿಂಗಳು ತುಂಬಿ ಕೆಲವೇ ದಿನವಾಗಿತ್ತು. ಚೊಚ್ಚಲ ಬಾಣಂತನಕ್ಕೆಂದು ಬೀಳಗಿಯಿಂದ ತವರಿಗೆ ಬಂದವಳು ಇನ್ನೂ ತನ್ನ ಚೀಲದ ಬಟ್ಟೆಗಳನ್ನು ಕಪಾಟಿಗೆ ಜೋಡಿಸಿರಲಿಲ್ಲ. ಆವತ್ತು ಮುಂಜಾನೆ ಎದ್ದಾಗಲೇ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದಳು. ಆಟೋ ಮಾಡಿಕೊಂಡು ಜಮಖಂಡಿಯ ಈ ದವಾಖಾನೆಗೆ ತರುವಷ್ಟರಲ್ಲಿ ರಕ್ತದೊತ್ತಡ ಮಿತಿ ಮೀರಿತ್ತು. ತಾಯಿ, ಕೂಸು ಇಬ್ಬರೂ ಉಳಿಯಬೇಕೆಂದರೆ ಈಗಲೇ ತೆಗೆಯಬೇಕು ಎಂದು ಹೆರಿಗೆಯ ಡಾಕ್ಟರಮ್ಮ ಹೇಳಿದರು. ವತ್ಸಲಾಬಾಯಿ ತಲೆ ಅಲ್ಲಾಡಿಸಿದ್ದಷ್ಟೇ ನೆನಪು. ಮುಂದಿನದೆಲ್ಲ ಬಾಗಿಲಾಚೆ ನಡೆದುಹೋಯಿತು.

ಅಳುವ ಕೂಸು ಬದುಕುವ ಕೂಸು ಎಂದು ಅವರು ನಂಬಿದ್ದರು. ಆದರೆ ಒಳಗಿನಿಂದ ಬಂದ ಮಕ್ಕಳ ಡಾಕ್ಟರನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಸಿದ್ದಾರ್ಥ ಎಂದು ಅವನ ಹೆಸರು, ಮುಧೋಳದವನು. ಓದು ಮುಗಿಸಿ ಈ ದವಾಖಾನೆಯ ಶಿಶು ವಿಭಾಗ ನೋಡಿಕೊಳ್ಳಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಅದು ಅಳೂದಲ್ಲರಿ ಅಮ್ಮಾರ," ಎಂದ ಅವನು. "ಉಸಿರು ಬಿಡೂ ಮುಂದ ಗಂಟಲಾ ಬಿಗಿ ಹಿಡಿಯಾಕತ್ತೈತಿ. ಅದರ ಪುಪ್ಪುಸ ಇನ್ನೂ ಎಳಸು. ಗಾಳಿ ಪೂರ್ತಿ ಹೊರಗ ಹೋತಂದ್ರ ಒಳಗಿನ ಗಾಳಿಗೂಡೆಲ್ಲ ಒಂದಕ್ಕೊಂದು ಅಂಟಿಕೊಂಡು ಕೂಡತಾವ. ಹಂಗ ಆಗಬಾರದಂತ ಒದ್ದಾಡಾಕತ್ತೈತಿ. ಭಾಳ ಹೊತ್ತು ಅದರ ಕೈಲೆ ಆಗಂಗಿಲ್ಲ."

"ಮತ್ತ ಏನು ಮಾಡ್ತೀರಿ?"

"ಮೂಗಿಗೆ ಎರಡು ಸಣ್ಣ ನಳಿಗಿ ಇಟ್ಟು, ಗಾಳಿ ಒತ್ತಡ ಕೊಡ್ತೀನ್ರಿ. ಉಸಿರು ಅದರದ. ನಾವು ಬರೇ ಗೂಡು ಮುಚ್ಚದಂಗ ನೋಡಿಕೋಬೇಕು."

ಅವನು ಬಾಗಿಲು ತೆರೆದು ತೋರಿಸಿದ. ಬಿಸಿ ಹಾಸಿಗೆಯ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಜೀವ. ಪ್ರತಿ ಉಸಿರಿಗೂ ಪಕ್ಕೆಲುಬುಗಳ ಕೆಳಗೆ ಗುಳಿ ಬೀಳುತ್ತಿತ್ತು. ನರ್ಸೊಬ್ಬಳು ಅದರ ತಲೆಗೆ ಉಣ್ಣೆ ಟೊಪ್ಪಿಗೆ ಹಾಕಿ, ಎರಡು ಕೆನ್ನೆಗಳ ಮೇಲಿನಿಂದ ಪಟ್ಟಿ ಎಳೆದು, ಮೂಗಿನ ಮುಂದೆ ಸುರುಳಿ ಸುರುಳಿಯಾದ ಕೊಳವೆ ಹಿಡಿದಿದ್ದಳು. ಪಟ್ಟಿ, ಕೊಳವೆ, ಇನ್ನೇನು ಬಿಗಿದು ಕಟ್ಟಿಸಿಕೊಳ್ಳಲಿರುವ ಮುಖ. ಅದನ್ನು ನೋಡಿದ್ದೇ ವತ್ಸಲಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಬ್ಯಾಡ್ರಿ. ಮುಖಕ್ಕ ಏನೂ ಕಟ್ಟಬ್ಯಾಡ್ರಿ. ಬರೇ ಆಕ್ಸಿಜನ್ ಬಿಡ್ರಿ."

"ಬರೇ ಆಕ್ಸಿಜನ್ ಸಾಲಂಗಿಲ್ಲರಿ."

"ನಾ ನೋಡೀನಿ, ಇದನ್ನ ಕಟ್ಟಿದ ಮ್ಯಾಲ ಏನಾಗ್ತದಂತ ನನಗ ಗೊತ್ತದ. ಬ್ಯಾಡ ಅಂದ್ರ ಬ್ಯಾಡ."

ಅವರು ನೋಡಿದ್ದು ಫೋನಿನ ಪರದೆಯ ಮೇಲೆ. ಕೊರೊನಾದ ಎರಡನೆಯ ಅಲೆಯಲ್ಲಿ ಗಂಡ ಪಾಂಡುರಂಗರಾಯರನ್ನು ವಿಜಯಪುರದ ಒಂದು ವಾರ್ಡಿಗೆ ಸೇರಿಸಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಸಂಜೆ ಯಾರೋ ಪುಣ್ಯಾತ್ಮ ವಿಡಿಯೋ ಕರೆ ಮಾಡಿಕೊಟ್ಟ. ಮೂಗು ಬಾಯಿ ಎರಡನ್ನೂ ಮುಚ್ಚಿದ ಮಾಸ್ಕು, ತಲೆಯ ಸುತ್ತ ಪಟ್ಟಿ, ಬೆವರು. ಹೆಂಡತಿಯ ಮುಖ ಕಂಡೊಡನೆ ಪಾಂಡುರಂಗರಾಯರು ಮಾಸ್ಕನ್ನು ಕಿತ್ತು ಪಕ್ಕಕ್ಕೆ ಸರಿಸಿದರು. ತುಟಿ ಅಲುಗಿತು. ನೀಲಿ ಕೈಗವಸಿನ ಎರಡು ಕೈ ಬಂದು ಮಾಸ್ಕನ್ನು ಮತ್ತೆ ಒತ್ತಿ ಕೂರಿಸಿದವು, ಕರೆ ನಿಂತಿತು. ಮರುದಿನ ಫೋನು ಬಂದದ್ದು ಬೇರೆಯವರಿಂದ. ಆ ಸಂಜೆ ಗಂಡ ಏನು ಹೇಳಲು ಹೊರಟಿದ್ದರು ಎಂಬುದರ ಬಗ್ಗೆ ವತ್ಸಲಾಬಾಯಿ ಯಾರ ಬಳಿಯೂ ಮಾತಾಡಿರಲಿಲ್ಲ. ಮೂವತ್ತು ವರ್ಷ ಕನ್ಯಾಶಾಲೆಯಲ್ಲಿ ಗಣಿತ ಕಲಿಸಿದ ಹೆಂಗಸು. ಮಾಸ್ಕಿನಿಂದ ಗಂಡ ಸಾಯಲಿಲ್ಲ, ರೋಗದಿಂದ ಸತ್ತರು ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರೂ ಬಾಗಿಲ ಚೌಕಟ್ಟು ಬಿಡಲಿಲ್ಲ.

ಸಿದ್ದಾರ್ಥ ವಾದಕ್ಕೆ ನಿಲ್ಲಲಿಲ್ಲ. ಬೀಳಗಿಯ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಅಳಿಯ ರಘುವೀರನಿಗೆ ಫೋನು ಹಚ್ಚಿ, ಅವರ ಎದುರಿಗೇ ಎಲ್ಲವನ್ನೂ ಹೇಳಿದ. ಆಚೆಯಿಂದ ರಘುವೀರ ಏನೂ ಕೇಳದೆ, "ಏನು ಮಾಡಬೇಕೋ ಮಾಡ್ರಿ ಸರ, ನಾ ಹೊಂಟೆ," ಎಂದ.

"ಹೊರಡಬ್ಯಾಡ್ರಿ ಇನ್ನ," ಎಂದ ಸಿದ್ದಾರ್ಥ. "ಬೀಳಗಿ ಬಸ್‌ಸ್ಟ್ಯಾಂಡಿನ್ಯಾಗ ನಿಂದರ್ರಿ. ಬಾಗಲಕೋಟಿಯಿಂದ ಒಂದು ಔಷಧ ತರಸಬೇಕಾಗೈತಿ, ಬಸ್ಸಿಗೆ ಹಾಕಿ ಕಳಸಾಕ ಹೇಳತೀನಿ. ಮಂಜುಗಡ್ಡಿ ಡಬ್ಬಿಯೊಳಗ ಇರತೈತಿ. ಅದನ್ನ ಇಸಕೊಂಡು ಬರ್ರಿ. ಕೂಸಿನ ಪುಪ್ಪುಸದಾಗ ಹುಟ್ಟಬೇಕಾದ, ಗೂಡು ಅಂಟದಂಗ ಇಡೂ ಜಾರು ದ್ರವ ಇನ್ನೂ ಹುಟ್ಟಿಲ್ಲ. ಅದನ್ನ ನಾವು ಹೊರಗಿನಿಂದ ಹಾಕಬೇಕು."

ಫೋನು ಕೆಳಗಿಟ್ಟು ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ವತ್ಸಲಾಬಾಯಿಗೆ ಅವಮಾನವೂ ಸಿಟ್ಟೂ ಒಟ್ಟಿಗೆ ಬಂದವು. ಆಚೆ ಕೋಣೆಯಲ್ಲಿ ವರದಾ ಫಿಟ್ಸ್ ಬಾರದಿರಲೆಂದು ಹಾಕಿದ ಸಲೈನಿನ ಅಮಲಿನಲ್ಲಿ ಕಣ್ಣು ಮುಚ್ಚಿದ್ದಳು. ಅವಳಿಗೆ ಹೇಳಲು ಏನೂ ಇರಲಿಲ್ಲ. ಅವರು ಮೆಟ್ಟಿಲ ಮೇಲೆ ಹೋಗಿ ಕೂತರು. ಚಳಿಗಾಲದ ಬಿಸಿಲು. ಕಬ್ಬು ತುಂಬಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ರಸ್ತೆ ತುಂಬ ಹಾದುಹೋಯಿತು.

ಸ್ವಲ್ಪ ಹೊತ್ತಿಗೆ ನರ್ಸು ಹೊರಬಂದಳು. ಕಾವೇರಿ, ಬನಹಟ್ಟಿಯವಳು. ಮಗ್ಗದ ಸದ್ದಿನ ಮನೆಯಲ್ಲಿ ಬೆಳೆದವಳಾದ್ದರಿಂದಲೋ ಏನೋ, ಮೆತ್ತಗೆ ಮಾತಾಡಲು ಬಾರದು.

"ಅಮ್ಮಾರ, ಒಳಗ ಬರ್ರಿ. ನಿಮ್ಮ ಕೈ ಬೇಕಾಗೇತಿ."

"ನಾ ಯಾಕ?"

"ಕೂಸು ಬಾಯಿ ತಗಿಯಾಕತ್ತೇತ್ರಿ. ಮೂಗಿನಿಂದ ಕೊಟ್ಟ ಗಾಳಿ ಬಾಯಿಂದ ಸೋರಿ ಹೋಗಾಕತ್ತೇತಿ. ಗದ್ದ ಹಿಡಕೊಂಡು ಕೂಡಾಕ ಯಾರರೆ ಬೇಕು. ನನ್ನ ಕಡೆ ಇನ್ನೂ ಎರಡು ಕೂಸು ಅದಾವ್ರಿ."

"ಬ್ಯಾಡ ಅಂದದ್ದನ್ನ ನೀವು ಮಾಡೀರಿ. ಈಗ ನನ್ನ ಕರೀತೀರಿ?"

ಕಾವೇರಿ ಒಂದು ಮೆಟ್ಟಿಲು ಇಳಿದು ನಿಂತಳು. "ನಿಮ್ಮ ಮಗಳು ಏಳೂ ಹಂಗಿಲ್ಲ, ಅಪ್ಪ ಔಷಧ ಕಾಯಕೋತ ಇನ್ನೂ ದಾರ್‍ಯಾಗ ಅದಾನ. ನೀವು ಬರಲಿಲ್ಲಂದ್ರ ಆಯಾನ್ನ ಕರೀತೀನ್ರಿ. ಆದ್ರ ಅಕಿಗೆ ಸಾವಿರ ಕೆಲಸ, ನಡುವ ಎದ್ದು ಹೋಗತಾಳ."

ವತ್ಸಲಾಬಾಯಿ ಎದ್ದರು. ಮೊಣಕೈತನಕ ಸಾಬೂನಿನಿಂದ ತೊಳೆಸಿದಳು ಕಾವೇರಿ, ಬಳೆ ಬಿಚ್ಚಿಸಿದಳು, ಮೇಲೊಂದು ಹಸಿರು ಅಂಗಿ ಕಟ್ಟಿದಳು. ಬಿಸಿ ಹಾಸಿಗೆಯ ಪಕ್ಕ ಸ್ಟೂಲು ಹಾಕಿ, ಅವರ ತೋರುಬೆರಳನ್ನು ಹಿಡಿದು ಕೂಸಿನ ಗದ್ದದ ಕೆಳಗೆ ಇಟ್ಟಳು.

"ಒತ್ತಬ್ಯಾಡ್ರಿ. ಮ್ಯಾಲ ಎತ್ತಿ ಹಿಡೀರಿ ಅಷ್ಟ. ಈಗ ಆ ಬಾಟ್ಲಿ ನೋಡ್ರಿ."

ಹಾಸಿಗೆಯ ಬದಿಗೆ ನೀರಿನ ಬಾಟಲಿ ತೂಗುತ್ತಿತ್ತು. ಕೊಳವೆಯ ಇನ್ನೊಂದು ತುದಿ ಅದರ ನೀರಿನೊಳಗೆ ಮುಳುಗಿತ್ತು. ಬೆರಳು ಗದ್ದಕ್ಕೆ ತಾಗುತ್ತಲೂ ನೀರಿನಿಂದ ಗುಳುಗುಳು ಗುಳ್ಳೆ ಎದ್ದವು. ಬೆರಳು ಸಡಿಲಿಸಿದರೆ ಗುಳ್ಳೆ ನಿಂತವು. ಮತ್ತೆ ಹಿಡಿದರು, ಮತ್ತೆ ಎದ್ದವು.

"ಗುಳ್ಳಿ ಬರೂತನಾ ಒಳಗ ಒತ್ತಡ ಐತಿ ಅಂತ ತಿಳೀರಿ," ಎಂದು ಹೇಳಿ ಕಾವೇರಿ ಬೇರೆ ಕೂಸಿನ ಬಳಿ ಹೋದಳು.

ಕೂಸಿನ ಬಾಯಿಯ ಮೇಲೆ ಏನನ್ನೂ ಕಟ್ಟಿರಲಿಲ್ಲ ಎಂಬುದನ್ನು ವತ್ಸಲಾಬಾಯಿ ಆಗ ಗಮನಿಸಿದರು. ಮೂಗಿನ ಹೊಳ್ಳೆಗಳಲ್ಲಿ ಮಾತ್ರ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪನೆಯ ಎರಡು ಮೆತ್ತನೆಯ ತುದಿ. ಕಣ್ಣು, ಕೆನ್ನೆ, ತುಟಿ ಎಲ್ಲ ಕಾಣುತ್ತಿತ್ತು. ಬೆರಳಿನ ತುದಿಗೆ ಅದರ ಗಂಟಲ ಸಣ್ಣ ನಡುಕ ತಿಳಿಯುತ್ತಿತ್ತು. ಅದು ಕೈ ಎತ್ತಿ ಕೊಳವೆಗೆ ಉಗುರು ಸಿಕ್ಕಿಸಿದಾಗ ಅವರು ಇನ್ನೊಂದು ಕೈಯಿಂದ ಆ ಮುಷ್ಟಿಯನ್ನು ಬಿಡಿಸಿ ತಮ್ಮ ಕಿರುಬೆರಳನ್ನು ಒಳಗಿಟ್ಟರು. ಅದು ಹಿಡಿದುಕೊಂಡಿತು. "ಬಾಳಾ," ಎಂದರು, ಮರಾಠಿಯಲ್ಲಿ ಮಗೂ ಎಂದು, ತಮ್ಮ ಅವ್ವ ತಮ್ಮನ್ನು ಕರೆಯುತ್ತಿದ್ದಂತೆ.

ಮುಲುಕು ಸ್ವಲ್ಪ ಇಳಿಯಿತು. ಆದರೆ ಪಕ್ಕೆಯ ಗುಳಿ ಇಳಿಯಲಿಲ್ಲ. ಸಿದ್ದಾರ್ಥ ಬಂದು ಬಂದು ನೋಡಿದ. ಬಂದಾಗಲೊಮ್ಮೆ ಆಕ್ಸಿಜನ್ನಿನ ಗುಂಡಿಯನ್ನು ಇನ್ನಷ್ಟು ತಿರುವಿದ. ಅವನ ಕೈ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ವತ್ಸಲಾಬಾಯಿ ನೋಡತೊಡಗಿದರು.

"ಹೆಚ್ಚು ಬೇಕಾಗ್ಲಿಕ್ಕತ್ತದೇನ್ರಿ?"

"ಹೌದ್ರಿ. ಔಷಧ ಬೇಗ ಬರಬೇಕು."

ಔಷಧ ಬೇಗ ಬರಲಿಲ್ಲ. ಡಬ್ಬಿ ಬೀಳಗಿಗೆ ಬಂದು ಮುಟ್ಟಿ, ರಘುವೀರ ಅದನ್ನು ಕೊರಳಿಗೆ ನೇತು ಹಾಕಿಕೊಂಡು ಬೈಕಿನ ಮೇಲೆ ಹೊರಟ ಮೇಲೆ ಫೋನು ಬಂತು. ಜಮಖಂಡಿ ದಾರಿಯಲ್ಲಿ ಕಬ್ಬಿನ ಟ್ರೇಲರ್ ಮಗುಚಿ ಬಿದ್ದಿದೆ, ಎರಡೂ ಕಡೆ ಲಾರಿ ನಿಂತಿವೆ. "ಹೊಲದಾಗಿಂದ ಬೈಕ್ ದಬ್ಬಿಕೊಂಡು ಹೊಂಟೇನಿ," ಎಂದು ಏದುಸಿರು ಬಿಡುತ್ತ ಹೇಳಿದ. ಸಿದ್ದಾರ್ಥ, "ಡಬ್ಬಿ ಅಲ್ಲಾಡಸಬ್ಯಾಡ್ರಿ, ಬಿಸಲಿಗೆ ಹಿಡೀಬ್ಯಾಡ್ರಿ," ಎಂದಷ್ಟೇ ಹೇಳಿ ಕಿಟಕಿಯ ಬಳಿ ಹೋಗಿ ನಿಂತ.

ರಘುವೀರ ಬಂದಾಗ ಮೈತುಂಬ ಮಣ್ಣು, ಮೊಣಕೈ ಕಬ್ಬಿನ ಎಲೆ ಕೊಯ್ದು ಗೀರು ಗೀರು. ಡಬ್ಬಿ ಮಾತ್ರ ಒರೆಸಿಟ್ಟ ಹಾಗಿತ್ತು. ಗಾಜಿನಾಚೆಯಿಂದ ಮಗನನ್ನು ಮೊದಲ ಸಲ ನೋಡಿದ. ಎದೆ ಒಳಗೊಳಗೆ ಸೇದಿಕೊಳ್ಳುತ್ತಿತ್ತು, ತುಟಿಯ ಸುತ್ತ ಬೂದಿಬಣ್ಣ. ಡಬ್ಬಿಯನ್ನು ಕಾವೇರಿಯ ಕೈಗೆ ಕೊಟ್ಟ. ಆಮೇಲೆ ಸಿದ್ದಾರ್ಥನ ಕಡೆ ತಿರುಗಿದ.

"ಸರ, ಮಿರಜಿಗೆ ಒಯ್ತೀವಿ. ನಮ್ಮ ಕಾಕಾ ಅಲ್ಲಿ ಮಾತಾಡಿ ಇಟ್ಟಾರ. ಅಲ್ಲಿ ದೊಡ್ಡ ಮಷಿನ್ ಅವ."

"ದೊಡ್ಡ ಮಷಿನ್ ಅಂದ್ರ ಗಂಟಲದಾಗ ಕೊಳವಿ ಇಳಿಸಿ ಅದ ಉಸಿರಾಡಸೂದು. ಅದು ಬೇಕಾದ್ರ ಹೋಗೋಣರಿ. ಆದ್ರ ಈ ಎಳಸು ಪುಪ್ಪುಸಕ್ಕ ಅದರಿಂದ ಪೆಟ್ಟೂ ಬೀಳತೈತಿ. ಮೊದಲ ಔಷಧ ಹಾಕ್ತೀನಿ. ಮೂಗಿನ ನಳಿಗಿ ತಗಿಯದಂಗ, ಎಳಿಯಂಥ ಸಣ್ಣ ನಳಿಗಿ ಗಂಟಲಿಗೆ ಇಳಿಸಿ ಹಾಕ್ತೀನಿ."

"ಹಾಕಿದ ಮ್ಯಾಲ ಸುಧಾರಿಸಲಿಲ್ಲಂದ್ರ?"

"ಅವಾಗ ನಾನೇ ಹೋಗ್ರಿ ಅಂತೀನಿ."

"ಇಲ್ಲೇ ಏನರೆ ಆದ್ರ ನೀವು ಜವಾಬ್ದಾರಿ ತಗೋತೀರೇನು?"

"ಜವಾಬ್ದಾರಿ ಈಗಾಗಲೇ ತಗೊಂಡೇನ್ರಿ," ಎಂದ ಸಿದ್ದಾರ್ಥ. "ಈ ಸ್ಥಿತಿಯೊಳಗ ಅಷ್ಟು ದೂರ ಹೊರಟ್ರ ಕೂಸು ದಾರಿಯೊಳಗ ಸುಸ್ತಾಗಬಹುದು. ಅದನ್ನ ಹೇಳದ ಇದ್ರ ನನ್ನ ತಪ್ಪಾಗತೈತಿ."

ರಘುವೀರ ಅತ್ತೆಯ ಕಡೆ ನೋಡಿದ. ವತ್ಸಲಾಬಾಯಿಯ ಬೆರಳು ಗದ್ದದಿಂದ ಕದಲಿರಲಿಲ್ಲ. ಮುಂಜಾನೆ ಬೇಡವೆಂದವರು ತಾವು. ಈಗ ಹೌದೆನ್ನಲು ಯಾವ ಬಾಯಿ?

"ಹೋಗಿ ವರದಾನ್ನ ಕೇಳು," ಎಂದರು. "ಕೂಸು ಅಕೀದು."

ಅವನು ಹೋದ. ಅವಳು ಎಷ್ಟು ಎಚ್ಚರವಿದ್ದಳೋ, ಅವನು ಹೇಗೆ ಹೇಳಿದನೋ. ಬಂದು ಬಾಗಿಲ ಬಳಿ ನಿಂತು, "ಅವನ ಬಣ್ಣ ಹೆಂಗದ ಅಂತ ಕೇಳಿದಳು," ಎಂದ. "ಹೇಳಿದೆ. ಔಷಧ ಮೊದಲ ಹಾಕ್ಲಿ ಅಂದಳು." ಸ್ವಲ್ಪ ತಡೆದು ಸೇರಿಸಿದ, "ಆಂಬ್ಯುಲೆನ್ಸ್ ಮಾತ್ರ ನಾ ಕರಸ್ತೀನಿ. ಬಾಗಿಲದಾಗ ನಿಂತಿರ್ಲಿ."

"ಇರ್ಲಿ," ಎಂದ ಸಿದ್ದಾರ್ಥ. "ಅದು ಛಲೋನ."

ಔಷಧ ಹಾಕುವಾಗ ಮನೆಯವರನ್ನು ಹೊರಗೆ ಕಳಿಸಿದರು. ಗಾಜಿನಿಂದ ಕಂಡದ್ದು ಇಷ್ಟು: ಸಿದ್ದಾರ್ಥ ಬಗ್ಗಿದ್ದ, ಕಾವೇರಿ ಕೂಸಿನ ತಲೆ ಹಿಡಿದಿದ್ದಳು, ಹಾಲಿನಂಥ ಬಿಳಿ ದ್ರವ ತೆಳು ಎಳೆಯಲ್ಲಿ ಇಳಿಯಿತು. ರಕ್ತದ ಆಕ್ಸಿಜನ್ ಅಳೆಯುವ ಯಂತ್ರ ಎರಡು ಸಲ ಕಿರುಚಿತು, ಎರಡು ಸಲ ಅವನು ಕೈ ತಡೆದು ಕಾದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕಾವೇರಿಗೆ ಏನೋ ಹೇಳಿದ. ಅವಳು ಹೊರಬಂದು ವತ್ಸಲಾಬಾಯಿಗೆ, "ಬರ್ರಿ, ನಿಮ್ಮ ಜಾಗಾ ಖಾಲಿ ಐತಿ," ಎಂದಳು.

ಆಕ್ಸಿಜನ್ನಿನ ಗುಂಡಿ ಮೊದಲ ಸಲ ಹಿಂದಕ್ಕೆ ತಿರುಗಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ತುಟಿಯ ಸುತ್ತಿನ ಬೂದಿ ಹೋಗಿ ನಸುಗೆಂಪು ಬಂತು, ಮುಲುಕು ನಿಂತಿತು. ರಘುವೀರ ಹೊರಗೆ ಬೆಂಚಿನ ಮೇಲೆ ಕೂತು ಗೋಡೆಗೆ ತಲೆ ಆನಿಸಿದ. ಸಿದ್ದಾರ್ಥ ಚಹಾ ತರಿಸಿ, ನಿಂತೇ ಕುಡಿದು, ಇನ್ನೊಂದು ಕಪ್ಪನ್ನು ತಾನೇ ಒಯ್ದು ರಘುವೀರನ ಕೈಗೆ ಕೊಟ್ಟ.

ಆ ಚಹಾ ಆರುವ ಮೊದಲೇ ಯಂತ್ರ ಕೂಗಿತು.

ವತ್ಸಲಾಬಾಯಿಯ ಬೆರಳು ಇದ್ದಲ್ಲೇ ಇತ್ತು. ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇತ್ತು. ಆದರೆ ಬೆರಳ ತುದಿಗೆ ತಿಳಿಯುತ್ತಿದ್ದ ನಡುಕ ಒಮ್ಮೆಲೇ ಬದಲಾಯಿತು, ಅವರ ಕಿರುಬೆರಳನ್ನು ಹಿಡಿದಿದ್ದ ಮುಷ್ಟಿ ಬಿಚ್ಚಿಕೊಂಡಿತು. ಕೂಸಿನ ಮೈ ಕಾಲಿನಿಂದ ಮೇಲಕ್ಕೆ ನೀಲಿಯಾಗುತ್ತ ಬಂತು.

"ಕಾವೇರಿ," ಎಂದರು.

ಕಾವೇರಿ ಆಗಲೇ ಪಕ್ಕದಲ್ಲಿದ್ದಳು. ನಳಿಕೆ ಸರಿಯಾಗಿದೆಯೇ ಎಂದು ನೋಡಿದಳು, ಎದೆ ನೋಡಿದಳು. "ಸರ, ಎಡಗಡೆ ಉಬ್ಬೇತಿ. ಅಲ್ಲಾಡವಲ್ದು."

ಸಿದ್ದಾರ್ಥ ಓಡಿ ಬಂದು ಸ್ಟೆತೊಸ್ಕೋಪು ಇಟ್ಟ, ತೆಗೆದ. "ಲೈಟ್ ಆರಿಸು. ಕಿಟಕಿ ಪರದೆ ಎಳಿ." ಕೋಣೆ ಮಬ್ಬಾಯಿತು. ಅವನು ಸಣ್ಣ ಟಾರ್ಚನ್ನು ಕೂಸಿನ ಬಲ ಎದೆಗೆ ತಾಗಿಸಿದ. ಬೆಳಕು ತುದಿಯ ಸುತ್ತ ಮಾತ್ರ ಚೂರು ಕೆಂಪಾಯಿತು. ಎಡಕ್ಕೆ ತಾಗಿಸಿದ. ಎಡಗಡೆಯ ಎದೆ ಪೂರ್ತಿ, ಒಳಗೆ ದೀಪ ಇಟ್ಟ ಹಾಗೆ, ಹೊಳೆಯಿತು.

"ಪುಪ್ಪುಸ ಸೀಳಿ ಗಾಳಿ ಹೊರಗ ಬಂದೈತಿ," ಎಂದ. ಯಾರಿಗೆ ಹೇಳಿದನೋ. "ಸೂಜಿ ಕೊಡು."

ರಘುವೀರ ಬಾಗಿಲು ತಳ್ಳಿಕೊಂಡು ಒಳಗೆ ಬಂದಿದ್ದ. "ಏನಾತು? ಏನು ಮಾಡಿದ್ರಿ ನೀವು?"

"ಹೊರಗ ನಿಂದರ್ರಿ."

"ಅವಾಗ ಹೇಳಿದ್ನಿಲ್ಲ ನಾ, ಒಯ್ತೀನಂತ—"

"ರಘು," ಎಂದರು ವತ್ಸಲಾಬಾಯಿ. "ಅವರ ಕೈ ಅಲ್ಲಾಡಬಾರದು. ಸುಮ್ಮನಿರು."

ಅವನು ಹೊರಗೆ ಹೋಗಲಿಲ್ಲ, ಗೋಡೆಗೆ ಒತ್ತಿ ನಿಂತ. ಸಿದ್ದಾರ್ಥ ಎದೆಯ ಎಲುಬುಗಳ ನಡುವೆ ಬೆರಳಿಟ್ಟು ಜಾಗ ಹುಡುಕಿದ. ಆ ಬೆರಳಿನ ಮುಂದೆ ಆ ಎದೆ ಎಷ್ಟು ಸಣ್ಣದು. ತೆಳು ಸೂಜಿ ಒಳಗೆ ಹೋಯಿತು. ಕಾವೇರಿ ಸಿರಿಂಜಿನ ದಂಡ ಎಳೆದಳು; ಅದು ಸಲೀಸಾಗಿ ಬಂತು, ಬರೀ ಗಾಳಿ. ತಿರುವಿ ಹೊರಗೆ ಬಿಟ್ಟಳು, ಮತ್ತೆ ಎಳೆದಳು. ಮತ್ತೆ ಗಾಳಿ. ಯಂತ್ರ ಕೂಗುತ್ತಲೇ ಇತ್ತು. ವತ್ಸಲಾಬಾಯಿ ಕೂಸಿನ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಗಂಡನ ಮುಖವನ್ನು ಹೀಗೆ ಹತ್ತಿರದಿಂದ ನೋಡಲು ಅವರಿಗೆ ಸಿಕ್ಕಿರಲಿಲ್ಲ ಎಂಬುದು ಒಂದು ಕ್ಷಣ ಮನಸ್ಸಿಗೆ ಬಂದು ಹೋಯಿತು.

ಮೂರನೆಯ ಸಲವೋ ನಾಲ್ಕನೆಯ ಸಲವೋ ದಂಡ ಎಳೆದಾಗ ಕೂಸು ಗದ್ದ ಕೆಳಗೆ ಒತ್ತಿತು. ಬೆರಳಿನ ಮೇಲೆ ಒಂದು ಸಣ್ಣ ಭಾರ. ಆಮೇಲೆ ಹೊಟ್ಟೆ ಏರಿತು, ಇಳಿಯಿತು. ತುಟಿಯ ನೀಲಿ ಮೊದಲು ಹೋಯಿತು, ಆಮೇಲೆ ಕೆನ್ನೆಯದು. ಯಂತ್ರ ತಾನಾಗಿಯೇ ಸುಮ್ಮನಾಯಿತು.

ಕಾವೇರಿ ಪರದೆ ಸರಿಸಿದಳು. ಸಿದ್ದಾರ್ಥನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸೂಜಿಯ ಜಾಗಕ್ಕೆ ತೆಳು ನಳಿಕೆಯೊಂದನ್ನು ಇಳಿಸಿ ಪಟ್ಟಿ ಹಾಕಿ, ಅವನು ಕೈ ತೊಳೆದುಕೊಂಡು ರಘುವೀರನ ಮುಂದೆ ಬಂದು ನಿಂತ.

"ಈಗ ಹೋಗಬೇಕ್ರಿ," ಎಂದ. "ಮಿರಜಿಗಿಲ್ಲ, ಬಾಗಲಕೋಟಿಗೆ. ಅದು ಹತ್ತಿರ. ಗಾಳಿ ಮತ್ತ ಸೋರಿದ್ರ ಅಲ್ಲಿ ಸರ್ಜನ್ ಅದಾರ, ಕೊಳವಿ ಇಳಿಸೂದು ಬಂದ್ರೂ ಅಲ್ಲಿ ವ್ಯವಸ್ಥಾ ಐತಿ. ನನ್ನ ಕಡೆ ಇಷ್ಟ ಐತಿ."

ರಘುವೀರ ಗೋಡೆಯಿಂದ ಸರಿದು ನೆಟ್ಟಗೆ ನಿಂತ. "ಮಧ್ಯಾಹ್ನ ನಾ ಹೇಳಿದಾಗ ಹೋಗಿದ್ರ?"

"ಮಧ್ಯಾಹ್ನ ಹೋಗಿದ್ರ ಇದು ದಾರಿಯೊಳಗ ಆಗತಿತ್ತೋ, ಆಗತಿರಲಿಲ್ಲೋ. ಖರೆ ಹೇಳತೀನ್ರಿ, ನನಗ ಗೊತ್ತಿಲ್ಲ. ಒತ್ತಡ ಕೊಟ್ಟ ಕೂಸಿನೊಳಗ ಕೆಲವೊಂದಕ್ಕ ಹಿಂಗ ಆಗತೈತಿ. ಆಗಬಹುದಂತ ನಿಮಗ ಮೊದಲ ಹೇಳಬೇಕಾಗಿತ್ತು. ಅವಸರದಾಗ ಹೇಳಲಿಲ್ಲ."

ರಘುವೀರ ಅವನನ್ನು ನೋಡುತ್ತ ನಿಂತ. ಹೊಡೆಯುತ್ತಾನೇನೋ ಎಂದು ಕಾವೇರಿಗೆ ಅನ್ನಿಸಿ ಒಂದು ಹೆಜ್ಜೆ ಮುಂದೆ ಬಂದಳು. ಅವನು, "ಆಂಬ್ಯುಲೆನ್ಸ್ ಬಾಗಿಲದಾಗ ಅದ," ಎಂದು ಹೇಳಿ ಡ್ರೈವರನನ್ನು ಎಬ್ಬಿಸಲು ಹೋದ.

ವರದಾಳ ಬಳಿ ಒಬ್ಬರು ಇರಬೇಕಿತ್ತು, ರಘುವೀರ ಉಳಿದ. ಕಾವೇರಿ ಉಳಿದ ಎರಡು ಕೂಸುಗಳನ್ನು ಬಿಟ್ಟು ಬರುವಂತಿರಲಿಲ್ಲ. ಸಿದ್ದಾರ್ಥನ ಬದಲು ಅವುಗಳನ್ನು ನೋಡಿಕೊಳ್ಳಲು ಹೆರಿಗೆಯ ಡಾಕ್ಟರಮ್ಮ ಒಪ್ಪಿಕೊಂಡರು. ಸಿದ್ದಾರ್ಥ, ವತ್ಸಲಾಬಾಯಿ ಹತ್ತಿದರು. ಕೂಸಿಗೆ ಬೆಚ್ಚನೆ ಹೊದಿಕೆ, ಮೂಗಿಗೆ ಅದೇ ನಳಿಕೆ, ಸರಳಿಗೆ ಕಟ್ಟಿದ ನೀರಿನ ಬಾಟಲಿ. ಬಾಟಲಿಯನ್ನು ಕಾವೇರಿ ತನ್ನ ದುಪಟ್ಟಾದಿಂದಲೇ ಬಿಗಿದು ಕಟ್ಟಿದ್ದಳು.

ದಾರಿಯುದ್ದಕ್ಕೂ ಉಬ್ಬು ಬಂದಾಗಲೆಲ್ಲ ಬಾಟಲಿಯ ನೀರು ತುಳುಕಿ ಗುಳ್ಳೆ ನಿಲ್ಲುತ್ತಿತ್ತು. ಆಗ ಇಬ್ಬರೂ ಉಸಿರು ಹಿಡಿಯುತ್ತಿದ್ದರು. ಮತ್ತೆ ಗುಳುಗುಳು ಶುರುವಾದ ಮೇಲೆ ಬಿಡುತ್ತಿದ್ದರು. ಕಾರ್ಖಾನೆಯ ಕಡೆ ಸಾಲು ಹಿಡಿದ ಟ್ರ್ಯಾಕ್ಟರುಗಳು ಹಾಡಿನ ಅಬ್ಬರದಲ್ಲಿ ಸೈರನ್ನು ಕೇಳಿಸಿಕೊಳ್ಳಲಿಲ್ಲ. ಒಂದು ಕಡೆ ಪೂರ್ತಿ ನಿಲ್ಲಬೇಕಾಯಿತು. ಸಿದ್ದಾರ್ಥ ಹಿಂಬಾಗಿಲು ತೆರೆದು ಇಳಿದು, ಮುಂದಿನ ಟ್ರ್ಯಾಕ್ಟರಿನ ಬದಿ ಬಡಿದು, ಚಾಲಕನಿಗೆ ಕೈ ಮುಗಿದು ಏನೋ ಹೇಳಿದ. ಚಾಲಕ ಹಾಡು ನಿಲ್ಲಿಸಿ, ತಾನೂ ಇಳಿದು ಮುಂದಿನವನ ಕಡೆ ಓಡಿದ. ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ ದಾರಿ ಬಿಚ್ಚಿಕೊಂಡಿತು. ಅಷ್ಟು ಹೊತ್ತು ವತ್ಸಲಾಬಾಯಿ ಒಬ್ಬರೇ ಒಳಗಿದ್ದರು. ಒಂದು ಕಣ್ಣು ಬಾಟಲಿಯ ಮೇಲೆ, ಒಂದು ಕಣ್ಣು ಎದೆಯ ಎಡಬದಿಯ ಮೇಲೆ.

ಸಿದ್ದಾರ್ಥ ಹತ್ತಿ ಕೂತ. ಬೀಳಗಿ ದಾಟಿದ ಮೇಲೆ ವತ್ಸಲಾಬಾಯಿ ಕೇಳಿದರು, "ಡಾಕ್ಟರ್, ಮುಖಕ್ಕ ಇದನ್ನ ಕಟ್ಟಿಸಿಕೊಂಡವರು ಕೈ ಹಾಕಿ ಕಿತ್ತಿ ಒಗೀತಾರಲ್ಲ. ದೊಡ್ಡವರು. ಅವರಿಗೆ ಏನನ್ನಸ್ತಿರ್ತದ?"

ಅವನು ಕೂಸಿನ ಹೊದಿಕೆ ಸರಿಪಡಿಸಿದ. "ಉಸಿರು ಕಟ್ಟಿದಂಗ ಅನ್ನಸ್ತೈತಂತ್ರಿ. ಉಪಯೋಗ ಆಗಾಕತ್ತಿದ್ರೂ ಹಂಗ ಅನ್ನಸ್ತೈತಿ. ಕಿತ್ತಿ ಒಗದವರು ಬದುಕೂದು ಬ್ಯಾಡಂತ ಒಗದಿರಂಗಿಲ್ಲ."

"ಏನರೆ ಹೇಳಬೇಕಂತ ತಗದಿರ್ತಾರೇನು?"

"ಇರಬಹುದ್ರಿ."

ಅವರು ಇನ್ನೇನೂ ಕೇಳಲಿಲ್ಲ. ಅವನೂ ಯಾರ ಬಗ್ಗೆ ಎಂದು ಕೇಳಲಿಲ್ಲ.

ಬಾಗಲಕೋಟೆಯಲ್ಲಿ ಕೂಸನ್ನು ಒಳಗೆ ತೆಗೆದುಕೊಂಡರು. ಅಲ್ಲಿನ ಹಿರಿಯ ಡಾಕ್ಟರು ಎಕ್ಸ್‌ರೇ ನೋಡಿ, ನಳಿಕೆ ಸರಿಯಾದ ಜಾಗದಲ್ಲಿದೆ, ದೊಡ್ಡ ಯಂತ್ರ ಸದ್ಯಕ್ಕೆ ಬೇಡ, ಮೂಗಿನದೇ ನಡೆಯಲಿ ಎಂದರು. ಸಿದ್ದಾರ್ಥ ಅದನ್ನು ಕೇಳಿ ತಲೆಯಾಡಿಸಿದ. ಹೊರಗೆ ಬಂದು ನೀರಿನ ನಲ್ಲಿಯ ಬಳಿ ಬಹಳ ಹೊತ್ತು ಮುಖ ತೊಳೆದುಕೊಂಡ. ಆಮೇಲೆ ಅದೇ ಆಂಬ್ಯುಲೆನ್ಸಿನಲ್ಲಿ ತನ್ನ ಉಳಿದೆರಡು ಕೂಸುಗಳ ಕಡೆ ಹಿಂದಿರುಗಿದ.

ಅಲ್ಲಿನ ದಿನಗಳು ಒಂದೇ ಸಮನಾಗಿರಲಿಲ್ಲ. ಒಮ್ಮೆ ಕೂಸು ಉಸಿರಾಡುವುದನ್ನೇ ಮರೆತು, ನರ್ಸು ಅಂಗಾಲು ತಟ್ಟಿ ಎಬ್ಬಿಸಬೇಕಾಯಿತು. ಒಮ್ಮೆ ನಂಜಿನ ಸಂಶಯ ಬಂತು. ಗದ್ದ ಹಿಡಿಯಲು ಅಲ್ಲಿ ಮೆತ್ತನೆಯ ಪಟ್ಟಿ ಇತ್ತು. ಆದರೂ ಬಿಟ್ಟಾಗಲೆಲ್ಲ ವತ್ಸಲಾಬಾಯಿ ಒಳಗೆ ಹೋಗಿ ಕೂತರು. ಎದೆಯ ನಳಿಕೆ ತೆಗೆದರು. ಒತ್ತಡ ಕಡಿಮೆ ಮಾಡುತ್ತ ಬಂದರು. ರಘುವೀರ ದಿನವೂ ಫೋನು ಮಾಡಿ ಗುಂಡಿ ಯಾವ ಕಡೆ ತಿರುಗಿದೆ ಎಂದು ಕೇಳುತ್ತಿದ್ದ. ಸಿದ್ದಾರ್ಥನ ಮೇಲೆ ಅವನ ಸಿಟ್ಟು ಪೂರ್ತಿ ಹೋಗಲಿಲ್ಲ. ಸಿದ್ದಾರ್ಥ ವಿಚಾರಿಸಲು ಫೋನು ಮಾಡಿದರೆ ಒಂದೆರಡು ಮಾತಿನಲ್ಲಿ ಮುಗಿಸುತ್ತಿದ್ದ. ಆದರೆ ಮುಗಿಸುವ ಮೊದಲು ಎಲ್ಲವನ್ನೂ ಹೇಳುತ್ತಿದ್ದ.

ಹೊಲಿಗೆ ಬಿಚ್ಚಿಸಿಕೊಂಡು ವರದಾ ಬಂದದ್ದು ಒಂದು ಮುಂಜಾನೆ. ಅದೇ ಮುಂಜಾನೆ ಮೂಗಿನ ನಳಿಕೆ ತೆಗೆದು, ಹಾಗೆಯೇ ಉಸಿರಾಡುತ್ತದೆಯೇ ಎಂದು ನೋಡುತ್ತಿದ್ದರು. ಟೊಪ್ಪಿಗೆ ಇಲ್ಲ, ಪಟ್ಟಿ ಇಲ್ಲ. ಅವಳು ಮಗನನ್ನು ನೋಡಿದ್ದು ಅದೇ ಮೊದಲು. ನರ್ಸು ಕೂಸನ್ನು ಎತ್ತಿ, ಅವಳ ಕುಪ್ಪಸದೊಳಗೆ, ಬರೀ ಎದೆಯ ಮೇಲೆ ಮಲಗಿಸಿ ಮೇಲೆ ಶಾಲು ಹೊದಿಸಿದಳು. ವರದಾ ಅಲುಗದೆ ಕೂತಳು. ಬಹಳ ಹೊತ್ತಿನ ಮೇಲೆ ಕತ್ತು ಬಗ್ಗಿಸಿ ನೋಡಿ ಕೇಳಿದಳು,

"ಅವ್ವಾ, ಮೂಗಿನ ಮ್ಯಾಲ ಏನಿದು ಕೆಂಪಗ?"

"ನಳಿಗಿ ಒತ್ತಿದ ಗುರುತು. ಹೋಗ್ತದಂತ."

"ನೋಯ್ತದೇನು ಅವಗ?"

"ನೋಯ್ತಿದ್ರ ಇಷ್ಟು ನಿದ್ದಿ ಮಾಡ್ತಿದ್ದಿಲ್ಲ."

ಪಕ್ಕದ ಯಂತ್ರದ ಅಂಕಿ ಒಮ್ಮೆ ಇಳಿಯಿತು. ವತ್ಸಲಾಬಾಯಿ ಎದ್ದು ನಿಂತರು. ನರ್ಸು ಕೈ ತೋರಿಸಿ, ತಡೆಯಿರಿ ಎಂದಳು. ಎಲ್ಲರೂ ಕಾದರು. ಕೂಸು ತಾಯಿಯ ಎದೆಯ ಮೇಲೆ ಒಂದು ದೊಡ್ಡ ಉಸಿರು ಎಳೆದುಕೊಂಡಿತು, ಅಂಕಿ ಮೇಲೇರಿತು. ವತ್ಸಲಾಬಾಯಿ ಮತ್ತೆ ಸ್ಟೂಲಿನ ಮೇಲೆ ಕೂತು, ಮಗಳ ಹೆಗಲಿನಿಂದ ಜಾರುತ್ತಿದ್ದ ಶಾಲನ್ನು ಮೇಲೆಳೆದರು.